ಕೊಡಗಿನ ಕಡತ ಹುಡುಕುವ ವಿದ್ಯಾರ್ಥಿಗೆ ದಾರಿ ತೋರಿಸುವುದು ಹೇಗೆ? ಗ್ರಂಥಪಾಲಕರಿಗೊಂದು ಮಾರ್ಗದರ್ಶಿ

ಕೊಡಗಿನ ದಾಖಲೆಗಳು ಒಂದೇ ಕಡೆ ಇಲ್ಲ. ಕೆಲವು ಮಡಿಕೇರಿಯಲ್ಲಿವೆ, ಕೆಲವು ಬೆಂಗಳೂರು, ಮಂಗಳೂರು, ಚೆನ್ನೈ, ದೆಹಲಿಯಲ್ಲಿ. ಇನ್ನಷ್ಟು ಲಂಡನ್ನಿನಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಸೇರಿಕೊಂಡಿವೆ. ಉಳಿದದ್ದು ಐನ್‌ಮನೆಗಳ, ಅಂದರೆ ಮನೆತನಗಳ ಮೂಲಮನೆಗಳ, ಪೆಟ್ಟಿಗೆಗಳಲ್ಲಿದೆ. ಗೋಣಿಕೊಪ್ಪದಿಂದಲೋ ಚಿಕ್ಕ ಅಳುವಾರದಿಂದಲೋ ಬರುವ ಎಂ.ಎ. ವಿದ್ಯಾರ್ಥಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಪ್ರಬಂಧ ಒಪ್ಪಿಸಲು ನಾಲ್ಕು ತಿಂಗಳಿರುವಾಗ ಬಂದು, ‘ಕೊಡಗಿನ ಇತಿಹಾಸದ ಬಗ್ಗೆ ಏನಿದೆ?’ ಎಂದು ಕೇಳುತ್ತಾರೆ. ಬೀರುವಿನ ಬೀಗ ತೆಗೆದು ನಾಲ್ಕು ಪುಸ್ತಕ ಕೊಟ್ಟು ಕಳಿಸಿದರೆ ಆ ನಾಲ್ಕನ್ನೇ ಅರೆದು ಮತ್ತೊಂದು ಪ್ರಬಂಧ ತಯಾರಾಗುತ್ತದೆ, ಅಷ್ಟೆ.

ಯಾವ ಹೆಸರಿನಲ್ಲಿ ಹುಡುಕಬೇಕು, ಯಾವ ವರ್ಷದ ಲೆಕ್ಕದಲ್ಲಿ ಹುಡುಕಬೇಕು, ಯಾವ ಕಚೇರಿಯ ಕಡತದಲ್ಲಿ ಹುಡುಕಬೇಕು: ಈ ಮೂರನ್ನು ಕಲಿಸಿಕೊಡುವುದೇ ವಿಶೇಷ ಸಂಗ್ರಹದ ಗ್ರಂಥಪಾಲಕರು ಮಾಡಬಹುದಾದ ದೊಡ್ಡ ಸಹಾಯ. ಸಂಗ್ರಹ ಎರಡೇ ಬೀರುವಿನದ್ದಾದರೂ ಇದನ್ನು ಮಾಡಬಹುದು.

ಮೊದಲು ನಿಮ್ಮ ಬೀರು

ಬೇರೆಯವರಿಗೆ ದಾರಿ ತೋರಿಸುವ ಮೊದಲು ನಿಮ್ಮಲ್ಲಿ ಏನಿದೆ ಎಂಬುದು ಬರಹದಲ್ಲಿರಬೇಕು. ಒಂದು ಸ್ಪ್ರೆಡ್‌ಶೀಟ್ ಸಾಕು. ಪ್ರತಿ ವಸ್ತುವಿಗೆ ಒಂದು ಸಾಲು: ಹೆಸರು, ವರ್ಷ, ಆವೃತ್ತಿ, ಭಾಷೆ, ಲಿಪಿ, ಬೀರು ಮತ್ತು ಅಡ್ಡಹಲಗೆಯ ಸಂಖ್ಯೆ, ಸ್ಥಿತಿ, ಡಿಜಿಟಲ್ ಪ್ರತಿ ಬೇರೆಲ್ಲಾದರೂ ಇದೆಯೇ ಎಂಬ ಟಿಪ್ಪಣಿ. ಸ್ಥಿತಿಗೆ ಮೂರೇ ದರ್ಜೆ ಇಡಿ: ಓದಲು ಕೊಡಬಹುದು, ನಾವೇ ಪುಟ ತಿರುಗಿಸಬೇಕು, ತೆರೆಯಲೇಬಾರದು. ಐದಾರು ದರ್ಜೆ ಮಾಡಿದರೆ ಸಹಾಯಕ ಸಿಬ್ಬಂದಿ ಒಬ್ಬೊಬ್ಬರು ಒಂದೊಂದು ರೀತಿ ಗುರುತು ಹಾಕುತ್ತಾರೆ.

ಹಳೆಯ ಪಟ್ಟಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪಾಗಿದ್ದರೆ ಅದು ಯೂನಿಕೋಡ್ ಆಗಿದೆಯೇ ಎಂದು ಮೊದಲು ಪರೀಕ್ಷಿಸಿ. ಹಳೆಯ ನುಡಿ ಫಾಂಟಿನ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರಗಳ ರಾಶಿ. ‘ಮಡಿಕೇರಿ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ವಿದ್ಯಾರ್ಥಿ ನಿಮ್ಮಲ್ಲಿ ಏನೂ ಇಲ್ಲ ಎಂದು ತಿಳಿದು ಹೊರಟುಹೋಗುತ್ತಾರೆ. ಪರಿವರ್ತಕ ತಂತ್ರಾಂಶದಲ್ಲಿ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಿನಿಂದ ತಿದ್ದಿ, ಆಮೇಲೆ ಕೋಹಾ ಅಥವಾ ಇ-ಗ್ರಂಥಾಲಯದಂಥ ಗ್ರಂಥಾಲಯ ತಂತ್ರಾಂಶಕ್ಕೆ ಸೇರಿಸಿ.

ಮೊದಲ ಭೇಟಿ: ಅರ್ಧ ಗಂಟೆ ಮೀಸಲಿಡಿ

ಕೌಂಟರಿನಲ್ಲಿ ನಿಂತು ಮಾತಾಡಿದರೆ ಈ ಕೆಲಸ ಆಗುವುದಿಲ್ಲ. ಕೂರಿಸಿ, ಕಾಗದ ಪೆನ್ಸಿಲ್ ಕೊಟ್ಟು, ನಾಲ್ಕು ಪ್ರಶ್ನೆ ಕೇಳಿ. ಯಾವ ಊರು ಅಥವಾ ನಾಡು? ಯಾವ ವರ್ಷದಿಂದ ಯಾವ ವರ್ಷದವರೆಗೆ? ಯಾರ ಬಗ್ಗೆ? ಈಗಾಗಲೇ ಏನು ಓದಿದ್ದೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಅಡಿಟಿಪ್ಪಣಿಗಳಿರುವ ಪುಸ್ತಕ ಒಂದಾದರೂ ಇದ್ದರೆ ಅದನ್ನೇ ತೆರೆದು, ಅಡಿಟಿಪ್ಪಣಿಯಿಂದ ಮೂಲಕ್ಕೆ ಹೋಗುವುದು ಹೇಗೆಂದು ಅಲ್ಲೇ ತೋರಿಸಿ. ಎಷ್ಟೋ ವಿದ್ಯಾರ್ಥಿಗಳು ಅಡಿಟಿಪ್ಪಣಿಯನ್ನು ಅಲಂಕಾರವೆಂದು ತಿಳಿದಿರುತ್ತಾರೆ.

‘ಕೊಡಗಿನಲ್ಲಿ ಕಾಫಿ’ ಎಂಬ ವಿಷಯ ಹಿಡಿದು ಬಂದವರನ್ನು ‘1860ರ ದಶಕದಲ್ಲಿ ಕಾಂಡಕೊರಕದ ಹಾವಳಿಗೆ ಮಡಿಕೇರಿ ಸುತ್ತಲ ತೋಟಗಳು ಏನು ಮಾಡಿದವು’ ಎಂಬಲ್ಲಿಗೆ ತರುವುದು ಈ ಅರ್ಧ ಗಂಟೆಯ ಗುರಿ. ಪ್ರಶ್ನೆ ಅಷ್ಟು ಸಣ್ಣದಾದಾಗ ಮಾತ್ರ ಯಾವ ಕಡತ ಕೊಡಬೇಕೆಂದು ನಿಮಗೂ ಹೊಳೆಯುತ್ತದೆ. ಆದರೆ ಪ್ರಶ್ನೆಯನ್ನು ನೀವೇ ಬರೆದುಕೊಡಬೇಡಿ. ವಿದ್ಯಾರ್ಥಿಯ ಕೈಯಿಂದಲೇ ಒಂದು ವಾಕ್ಯ ಬರೆಸಿ, ಆ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳಿ. ಮುಂದಿನ ಭೇಟಿಯಲ್ಲಿ ಅಲ್ಲಿಂದಲೇ ಮಾತು ಮುಂದುವರಿಸಬಹುದು.

ಹೆಸರುಗಳ ಪಟ್ಟಿ

ಕೊಡಗಿನ ವಿಷಯದಲ್ಲಿ ಹುಡುಕಾಟ ಸೋಲುವುದು ಹೆಚ್ಚಾಗಿ ಹೆಸರಿನಲ್ಲಿ. ಹಳೆಯ ಇಂಗ್ಲಿಷ್ ಕಡತಗಳಲ್ಲಿ ಜಿಲ್ಲೆ ‘ಕೂರ್ಗ್’, ಮಡಿಕೇರಿ ‘ಮರ್ಕಾರ’, ಕುಶಾಲನಗರ ‘ಫ್ರೇಸರ್‌ಪೇಟೆ’, ವಿರಾಜಪೇಟೆ ‘ವೀರರಾಜೇಂದ್ರಪೇಟೆ’. ಆಡಳಿತ ವಿಭಾಗಗಳೂ ಬೇರೆ: ಪಡಿನಾಲ್ಕುನಾಡು, ಯಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ, ಏಳುಸಾವಿರಸೀಮೆ. ಪೊನ್ನಂಪೇಟೆ ತಾಲ್ಲೂಕು ಎಂದು ಹುಡುಕುವವರಿಗೆ ಕಿಗ್ಗಟ್ಟುನಾಡಿನ ಕಡತ ಸಿಗುವುದೇ ಇಲ್ಲ. ಸುಗ್ಗಿ ಹಬ್ಬದ ಹೆಸರಿನಲ್ಲೂ ಹಾಗೆಯೇ: ಕನ್ನಡದಲ್ಲಿ ಹುತ್ತರಿ, ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಪುತ್ತರಿ. ಎರಡನ್ನೂ ಹಾಕಿ ನೋಡದಿದ್ದರೆ ಅರ್ಧ ಸಾಹಿತ್ಯ ತಪ್ಪಿಹೋಗುತ್ತದೆ.

ವ್ಯಕ್ತಿಗಳ ಹೆಸರು ಇನ್ನೂ ಕಷ್ಟ. ಕೊಡವರಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಂತರ, ಸ್ವಂತ ಹೆಸರು ಕೊನೆಗೆ. ಇಂಗ್ಲಿಷ್ ಕಡತದಲ್ಲಿ ಮನೆತನ ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ‘ಕೆ’ ಕೊಡಂದೇರ, ಜನರಲ್ ಕೆ.ಎಸ್. ತಿಮ್ಮಯ್ಯ ಅವರ ‘ಕೆ’ಯೂ ಕೊಡಂದೇರ. ಕಾರ್ಯಪ್ಪ ಎಂಬುದನ್ನು ಕರಿಯಪ್ಪ, ಕಾರಿಯಪ್ಪ ಎಂದೂ ಬರೆದಿದ್ದಾರೆ. ಸೂಚಿಯಲ್ಲಿ ಮನೆತನದ ಹೆಸರಿಗೊಂದು, ಸ್ವಂತ ಹೆಸರಿಗೊಂದು ನಮೂದು ಕೊಡಿ. ಗೌಡ, ಮಾಪಿಳ್ಳೆ, ಯರವ, ಕುರುಬ ಸಮುದಾಯದವರ ಹೆಸರುಗಳಿಗೆ ಈ ಕ್ರಮ ಹೊಂದುವುದಿಲ್ಲ. ಅವರವರ ರೂಢಿಯಂತೆ ನಮೂದಿಸಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಬ್ರಿಟಿಷರ ವಿರುದ್ಧದ 1837ರ ದಂಗೆಯನ್ನು ಇಂದು ಅಮರಸುಳ್ಯ ಸ್ವಾತಂತ್ರ್ಯ ಹೋರಾಟ ಎನ್ನುತ್ತೇವೆ. ಜನರ ಬಾಯಲ್ಲಿ ಅದು ಕಲ್ಯಾಣಪ್ಪನ ಕಾಟುಕಾಯಿ. ಬ್ರಿಟಿಷ್ ಅಧಿಕಾರಿ ಅದನ್ನು ಸ್ವಾತಂತ್ರ್ಯ ಹೋರಾಟ ಎಂದು ಬರೆದಿರಲು ಸಾಧ್ಯವೇ ಇಲ್ಲ. ಆ ಕಡತಗಳಲ್ಲಿ ‘ಇನ್ಸರೆಕ್ಷನ್’, ‘ಡಿಸ್ಟರ್ಬೆನ್ಸಸ್’, ‘ರೆಬೆಲ್ಸ್’ ಎಂಬ ಪದಗಳನ್ನು ಕೂರ್ಗ್ ಮತ್ತು ಕೆನರಾ (ಕನ್ನಡ ಕರಾವಳಿಯ ಅಂದಿನ ಹೆಸರು) ಜೊತೆಗೆ ಹಾಕಿ ಹುಡುಕಬೇಕು. ದಾಖಲೆ ಬರೆದವನ ಪದವನ್ನು ಊಹಿಸಲು ಕಲಿತ ವಿದ್ಯಾರ್ಥಿ, ಅವನು ಯಾರ ಪರವಾಗಿ ಬರೆದಿದ್ದಾನೆ ಎಂದು ಕೇಳುವುದನ್ನೂ ಕಲಿಯುತ್ತಾರೆ.

ವರ್ಷದ ಲೆಕ್ಕ

ಐನ್‌ಮನೆಯ ಕಾಗದದಲ್ಲಿ ‘ಜಯ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1834–35 ಆಗಿರಬಹುದು, 1894–95 ಆಗಿರಬಹುದು, 1954–55ಕ್ಕೂ ಹೊಂದುತ್ತದೆ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳಿ ಬರುತ್ತದೆ. ಶಕವರ್ಷವೂ ಇದ್ದರೆ ಇಸವಿ ತಿಳಿಯಲು ಅದಕ್ಕೆ 78 ಕೂಡಿಸಿ. ಪುಷ್ಯದಿಂದ ಫಾಲ್ಗುಣದವರೆಗಿನ ತಿಂಗಳುಗಳಿಗೆ 79 ಕೂಡಿಸಬೇಕಾಗಬಹುದು. ಶಕ 1756 ಜಯ ಎಂದಿದ್ದರೆ 1834–35ರ ಬಗ್ಗೆ ಅನುಮಾನವಿಲ್ಲ. ಶಕ ಇಲ್ಲದಿದ್ದರೆ ಕಾಗದದ ಬಗೆ, ಮುದ್ರೆ, ಅರಸನ ಅಥವಾ ಅಧಿಕಾರಿಯ ಹೆಸರು ನೋಡಿ ತೀರ್ಮಾನಿಸಬೇಕು. ತೀರ್ಮಾನಿಸಿದ್ದು ಊಹೆ ಎಂದು ಟಿಪ್ಪಣಿಯಲ್ಲಿ ಬರೆಯಬೇಕು.

ಇನ್ನೊಂದು ತೊಡಕು ಚಾಂದ್ರಮಾನ ಮತ್ತು ಸೌರಮಾನದ್ದು. ಯುಗಾದಿಯಿಂದ ವರ್ಷ ಎಣಿಸುವ ಕನ್ನಡ ಕಾಗದಗಳ ಜೊತೆಗೆ ಏಪ್ರಿಲ್ ಮಧ್ಯದ ಎಡ್ಮ್ಯಾರಿನಿಂದ ವರ್ಷ ಎಣಿಸುವ ರೂಢಿಯೂ ಇಲ್ಲಿದೆ. ಕಕ್ಕಡ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಸೌರ ತಿಂಗಳು, ಅದನ್ನು ಆಷಾಢ ಎಂದು ಬರೆದುಬಿಟ್ಟರೆ ಹಲವು ವಾರ ವ್ಯತ್ಯಾಸ ಬರುತ್ತದೆ. ಕಂದಾಯ ಕಡತದಲ್ಲಿ ಫಸಲಿ ವರ್ಷ ಕಂಡರೆ, ಜುಲೈಯಿಂದ ಡಿಸೆಂಬರ್‌ಗೆ 590, ಜನವರಿಯಿಂದ ಜೂನ್‌ಗೆ 591 ಕೂಡಿಸುವುದು ದಕ್ಷಿಣದ ಲೆಕ್ಕ. ಇಷ್ಟನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಪ್ರತಿ ಓದುಮೇಜಿಗೂ ಅಂಟಿಸಿ.

ಯಾವ ಕಚೇರಿ, ಯಾವ ಊರು

ಇಲ್ಲಿ ಆಡಳಿತದ ಇತಿಹಾಸವೇ ದಿಕ್ಸೂಚಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದು ಮೈಸೂರಿನ ಕಮಿಷನರರ ಕೈಕೆಳಗೆ ಬಂತು. ಆದ್ದರಿಂದ 1881ರವರೆಗಿನ ವಿಷಯಗಳಿಗೆ ಮೈಸೂರು ಕಮಿಷನ್ನಿನ ಕಡತಗಳನ್ನೂ ನೋಡಬೇಕು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದ ನಂತರ, ಬೆಂಗಳೂರಿನಲ್ಲಿದ್ದ ಮೈಸೂರು ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಆದರು; ಅಲ್ಲಿಂದ ಮುಂದೆ ರೆಸಿಡೆನ್ಸಿಯ ಕಡತಗಳು ಮುಖ್ಯ. ಪುತ್ತೂರು, ಅಮರಸುಳ್ಯದ ಭಾಗಗಳು 1834ರಲ್ಲೇ ಕೆನರಾಕ್ಕೆ ಸೇರಿದವು. ಕೆನರಾ ಮದರಾಸು ಪ್ರಾಂತ್ಯದಲ್ಲಿತ್ತು. ಹೀಗಾಗಿ ಸುಳ್ಯದ ಸಂಶೋಧನೆ ಮಾಡುವವರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ಬಿಡುವಂತಿಲ್ಲ. 1952ರಿಂದ 1956ರ ನವೆಂಬರ್ 1ರವರೆಗೆ ಸಿ.ಎಂ. ಪೂಣಚ್ಚ ಅವರು ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ‘ಸಿ’ ದರ್ಜೆ ರಾಜ್ಯದ ಕಾಲ ಬೇರೆಯದೇ ಅಧ್ಯಾಯ.

ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಬ್ರಿಟಿಷ್ ಸರ್ಕಾರದ ಫಾರಿನ್ ಇಲಾಖೆಯ ನಡಾವಳಿಗಳಿಂದ ಆರಂಭಿಸಲು ಹೇಳಿ. ಬೆಂಗಳೂರಿಗೆ ರಾಜ್ಯ ಪತ್ರಾಗಾರಕ್ಕೆ ಹೋಗುವವರ ಕೈಯಲ್ಲಿ ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿ, ಇವುಗಳ ಜೊತೆಗೆ ಬೇಕಾದ ವರ್ಷ ಮತ್ತು ವಿಷಯದ ಪಟ್ಟಿ ಇರಲಿ. ಖಾಲಿ ಕೈಯಲ್ಲಿ ಹೋದವರ ಮೊದಲ ದಿನ ಅರ್ಜಿ ಬರೆಯುವುದರಲ್ಲೇ ಮುಗಿಯುತ್ತದೆ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ವರದಿ, ಪತ್ರ, ಛಾಯಾಚಿತ್ರಗಳಿಗೆ ಎರಡು ದಾರಿ: ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ, ಮತ್ತು ಬಾಸೆಲ್‌ನ ಪತ್ರಾಗಾರದ ಆನ್‌ಲೈನ್ ಸೂಚಿ. ಛಾಯಾಚಿತ್ರಗಳನ್ನು ಅಲ್ಲಿಯೇ ನೋಡಬಹುದು. ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ, ಇಂದಿನ ಜರ್ಮನ್ ಕಲಿತವರಿಗೂ ಅದು ಓದಲು ಬರುವುದಿಲ್ಲ. ಟ್ರಾನ್ಸ್‌ಕ್ರೈಬಸ್ ತಂತ್ರಾಂಶ ಅಲ್ಪಸ್ವಲ್ಪ ಬಿಡಿಸಿಕೊಡುತ್ತದೆ, ಆದರೆ ಆರು ತಿಂಗಳ ಪ್ರಬಂಧಕ್ಕೆ ಅದನ್ನೇ ನೆಚ್ಚಬೇಡಿ ಎಂದು ಮೊದಲೇ ಹೇಳಿಬಿಡಿ.

ಮುದ್ರಿತ ಮೂಲಗಳನ್ನು ಕೊಡುವಾಗ

ಮೋಗ್ಲಿಂಗರ 1855ರ ಕೂರ್ಗ್ ಮೆಮೊಯಿರ್ಸ್, ರಿಕ್ಟರರ 1870ರ ಮ್ಯಾನ್ಯುಯಲ್ ಆಫ್ ಕೂರ್ಗ್, ನಡಿಕೇರಿಯಂಡ ಚಿಣ್ಣಪ್ಪ ಅವರ 1924ರ ಪಟ್ಟೋಲೆ ಪಳಮೆ (ಕೊಡವ ಜನಪದ ಹಾಡುಗಳ ಸಂಗ್ರಹ), ಎಂ.ಎನ್. ಶ್ರೀನಿವಾಸರ 1952ರ ರಿಲಿಜನ್ ಅಂಡ್ ಸೊಸೈಟಿ ಅಮಾಂಗ್ ದ ಕೂರ್ಗ್ಸ್ ಆಫ್ ಸೌತ್ ಇಂಡಿಯಾ: ಇವು ಪ್ರತಿ ವಿದ್ಯಾರ್ಥಿಯ ಕೈಗೂ ಹೋಗುತ್ತವೆ. ಕೊಡುವಾಗ ಒಂದು ಮಾತು ಸೇರಿಸಿ. ಮೊದಲಿನ ಇಬ್ಬರು ಮಿಷನರಿಗಳು. ದೊಡ್ಡವೀರರಾಜೇಂದ್ರ ಬರೆಯಿಸಿದ ರಾಜೇಂದ್ರನಾಮೆ ಅರಸನ ದೃಷ್ಟಿಯ ಚರಿತ್ರೆ. ಯರವರು, ಜೇನುಕುರುಬರು, ಹೊಲೆಯರ ಬಗ್ಗೆ ವಸಾಹತು ಕಾಲದ ಬರಹಗಳಲ್ಲಿರುವ ವಿವರಣೆಗಳಲ್ಲಿ ನೋಯಿಸುವ ಮಾತುಗಳಿವೆ. ಆ ಸಮುದಾಯದಿಂದಲೇ ಬಂದ ವಿದ್ಯಾರ್ಥಿ ಎದುರಿಗೆ ಕೂತಿರಬಹುದು, ಮೊದಲೇ ತಿಳಿಸುವುದು ಗೌರವದ ಕೆಲಸ.

ಶಾಸನ ಉಲ್ಲೇಖಿಸುವವರಿಗೆ ಮರೆಯದೆ ಹೇಳಬೇಕಾದದ್ದು: ಎಪಿಗ್ರಾಫಿಯಾ ಕರ್ನಾಟಿಕಾದ ಕೊಡಗು ಸಂಪುಟ ಬಿ.ಎಲ್. ರೈಸ್ ಅವರ 1886ರದ್ದು, ಅವರದೇ ಪರಿಷ್ಕೃತ 1914ರದ್ದು, ಮೈಸೂರು ವಿಶ್ವವಿದ್ಯಾನಿಲಯದ 1972ರದ್ದು ಎಂದು ಮೂರಿವೆ. ಶಾಸನ ಸಂಖ್ಯೆಯ ಜೊತೆ ಆವೃತ್ತಿಯ ವರ್ಷ ಬರೆಯದಿದ್ದರೆ ಆ ಉಲ್ಲೇಖದಿಂದ ಯಾರಿಗೂ ಉಪಯೋಗವಿಲ್ಲ.

ಓದುಮೇಜು

ಒಮ್ಮೆಗೆ ಒಂದೇ ಕಡತ, ಪುಸ್ತಕವಾದರೆ ಮೂರರವರೆಗೆ. ಪೆನ್ನು ಬೇಡ, ಪೆನ್ಸಿಲ್ ಮಾತ್ರ. ಕಾಗದಕ್ಕೆ ಬಿಳಿ ಹತ್ತಿಯ ಕೈಗವಸು ಹಾಕಿಸಬೇಡಿ. ಬೆರಳಿನ ಸ್ಪರ್ಶ ಮಂದವಾಗಿ ಹಳೆಯ ಪುಟದ ಅಂಚು ಹರಿಯುತ್ತದೆ. ತೊಳೆದು ಒರೆಸಿದ ಒಣ ಕೈ ಸಾಕು. ಛಾಯಾಚಿತ್ರಕ್ಕೆ ಮತ್ತು ನೆಗೆಟಿವ್‌ಗೆ ಮಾತ್ರ ನೈಟ್ರೈಲ್ ಕೈಗವಸು. ಹಳೆಯ ಪುಸ್ತಕವನ್ನು 180 ಡಿಗ್ರಿ ತೆರೆಯದಂತೆ ಎರಡು ಬದಿಗೆ ಫೋಮಿನ ಇಳಿಜಾರು ದಿಂಬು ಇಡಿ. ತಾಳೆಗರಿಯನ್ನು ಎರಡೂ ಕೈಯಲ್ಲಿ, ಅಂಚು ಹಿಡಿದು, ಮೇಜಿನ ಮೇಲೆಯೇ ತಿರುಗಿಸಬೇಕು. ದಾರ ಕಳಚಿದ್ದರೆ ಗರಿಗಳ ಕ್ರಮವನ್ನು ಮೊದಲು ಚಿತ್ರ ತೆಗೆದಿಡಿ.

ಸೆಲ್ಲೋಟೇಪ್ ಮತ್ತು ಲ್ಯಾಮಿನೇಷನ್ ಎರಡನ್ನೂ ಗ್ರಂಥಾಲಯದ ಆವರಣಕ್ಕೇ ಬಿಡಬೇಡಿ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ, ಲ್ಯಾಮಿನೇಟ್ ಮಾಡಿದ ಸನ್ನದನ್ನು (ಹಕ್ಕುಪತ್ರವನ್ನು) ಹಾನಿಯಿಲ್ಲದೆ ಬಿಡಿಸುವುದು ತೀರಾ ಕಷ್ಟ.

ಚಿತ್ರ ತೆಗೆಯಲು ಅನುಮತಿ ಕೊಡುವುದಾದರೆ ಫ್ಲ್ಯಾಷ್ ಇಲ್ಲದೆ, ಎರಡು ಬದಿಯಿಂದ 45 ಡಿಗ್ರಿ ಕೋನದ ಬೆಳಕಿನಲ್ಲಿ, ಫೋನನ್ನು ಸ್ಟ್ಯಾಂಡಿಗೆ ಕಟ್ಟಿ. ಪ್ರತಿ ಕಡತದ ಮೊದಲ ಚಿತ್ರ ಸಂಗ್ರಹದ ಹೆಸರು, ಕಡತ ಸಂಖ್ಯೆ, ದಿನಾಂಕ ಬರೆದ ಚೀಟಿಯದ್ದಾಗಿರಲಿ. ಈ ಒಂದು ಶಿಸ್ತಿಲ್ಲದೆ ನಾನೂರು ಚಿತ್ರ ತೆಗೆದುಕೊಂಡು ಹೋದ ವಿದ್ಯಾರ್ಥಿ, ಯಾವ ಪುಟ ಯಾವ ಕಡತದ್ದೆಂದು ತಿಳಿಯದೆ ಮರಳಿ ಬರುತ್ತಾರೆ.

ಹಳೆಯ ಕನ್ನಡ ಮುದ್ರಣದ ಚಿತ್ರಗಳನ್ನು ಗೂಗಲ್ ಡ್ರೈವ್ ಅಥವಾ ಟೆಸರಾಕ್ಟ್ ಮೂಲಕ ಪಠ್ಯವಾಗಿಸಬಹುದು. ಆದರೆ ಅರ್ಕಾವೊತ್ತಿನ ಗುರುತು ಕನ್ನಡದ 9ರ ಅಂಕಿಯಂತೆಯೇ ಇರುವುದರಿಂದ ‘ಕಾರ್ಯ’ದ ಕೊನೆಯಲ್ಲಿ ಅಂಕಿ ಬಂದು ಕೂರುತ್ತದೆ. ಇಸವಿಗಳನ್ನು ಯಂತ್ರ ಓದಿದಂತೆ ಎಂದೂ ನಕಲಿಸಬಾರದು, ಚಿತ್ರದೊಂದಿಗೆ ಹೋಲಿಸಿಯೇ ಬರೆಯಬೇಕು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಾಗದಕ್ಕೆ ಶತ್ರು ಗಾಳಿಯಲ್ಲೇ ಇರುತ್ತದೆ. ಸಾಪೇಕ್ಷ ಆರ್ದ್ರತೆ 65 ಶೇಕಡಾ ದಾಟಿ ನಿಂತರೆ ಬೂಷ್ಟು ಬೆಳೆಯಲು ಆರಂಭಿಸುತ್ತದೆ. 45ರಿಂದ 55 ಇದ್ದರೆ ನೆಮ್ಮದಿ. ಡಿಜಿಟಲ್ ಆರ್ದ್ರತಾ ಮಾಪಕವನ್ನು ಕೋಣೆಯ ನಡುವೆ ಒಂದು, ಬೀರುವಿನ ಒಳಗೆ ಒಂದು ಇಟ್ಟು, ಬೆಳಿಗ್ಗೆ ಸಂಜೆ ಅಂಕಿ ಬರೆಯಿರಿ. ಡಿಹ್ಯೂಮಿಡಿಫೈಯರ್ ಇದ್ದರೆ ಅದರ ನೀರಿನ ತೊಟ್ಟಿ ತುಂಬಿದಾಗ ಯಂತ್ರ ತಾನಾಗಿ ನಿಲ್ಲುತ್ತದೆ. ಶನಿವಾರ ಸಂಜೆ ಖಾಲಿ ಮಾಡದಿದ್ದರೆ ಭಾನುವಾರವೆಲ್ಲ ಯಂತ್ರ ಸುಮ್ಮನಿರುತ್ತದೆ. ಕರೆಂಟು ಹೋದ ದಿನಗಳಿಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ನೀಲಿ ಬಣ್ಣದ ಜೆಲ್ ಗುಲಾಬಿಯಾದಾಗ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಬೀರುಗಳು ಹೊರಗೋಡೆಯಿಂದ 15 ಸೆಂಟಿಮೀಟರ್ ದೂರವಿರಲಿ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ, ಓದುವವರ ತಲೆ ಮಾತ್ರ ನೋಯಿಸುತ್ತದೆ.

ನೆನೆದ ಕಾಗದ ಸಿಕ್ಕರೆ 48 ಗಂಟೆಯೊಳಗೆ ಕೆಲಸ ಆರಂಭಿಸಬೇಕು. ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ಪುಟಗಳ ನಡುವೆ ಮುದ್ರಣವಿಲ್ಲದ ಹೀರುಕಾಗದ ಇಟ್ಟು, ಫ್ಯಾನಿನ ಗಾಳಿ ನೇರವಾಗಿ ತಾಗದಂತೆ ಒಣಗಿಸಿ. ರಾಶಿ ದೊಡ್ಡದಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡೀಪ್ ಫ್ರೀಜರಿನಲ್ಲಿಟ್ಟು ಸಮಯ ಗಳಿಸಿಕೊಳ್ಳಿ. 2018ರ ಆಗಸ್ಟಿನ ಮಳೆ, ಭೂಕುಸಿತಗಳ ನಂತರ ಕೊಡಗಿನ ಯಾವ ಗ್ರಂಥಾಲಯವೂ ಈ ಸಿದ್ಧತೆಯನ್ನು ಮುಂದೂಡಬಾರದು. ಮೂಲ ಹಸ್ತಪ್ರತಿ ಬೇಕಾಗುವ ಓದನ್ನು ನವೆಂಬರ್‌ನಿಂದ ಮೇ ಒಳಗೆ ಮುಗಿಸುವಂತೆ ಯೋಜಿಸಿ, ಮಳೆಗಾಲಕ್ಕೆ ಡಿಜಿಟಲ್ ಪ್ರತಿಗಳನ್ನು ಉಳಿಸಿ.

ತರಗತಿಗೆ ಒಂದು ಪಾಠ

ಇಪ್ಪತ್ತು ವಿದ್ಯಾರ್ಥಿ, ತೊಂಬತ್ತು ನಿಮಿಷ, ಐದು ಮೇಜು. ಒಂದೇ ವಿಷಯ ಆಯ್ದುಕೊಳ್ಳಿ, ಪುತ್ತರಿಯೇ ಆಗಲಿ. ಒಂದೊಂದು ಮೇಜಿನಲ್ಲಿ ರಿಕ್ಟರ್, ಪಟ್ಟೋಲೆ ಪಳಮೆಯ ಹಾಡು, ಶ್ರೀನಿವಾಸ್, ಶಕ್ತಿ ದಿನಪತ್ರಿಕೆಯ ಹಳೆಯ ಸಂಚಿಕೆ, ಒಂದು ಛಾಯಾಚಿತ್ರ. ನಾಲ್ಕು ನಾಲ್ಕು ಜನ ಹನ್ನೆರಡು ನಿಮಿಷಕ್ಕೊಮ್ಮೆ ಮೇಜು ಬದಲಿಸಲಿ. ಪ್ರತಿ ಮೇಜಿನಲ್ಲಿ ಎರಡೇ ಪ್ರಶ್ನೆ: ಇದನ್ನು ಬರೆದವರು ಅಥವಾ ತೆಗೆದವರು ಯಾರಿಗಾಗಿ ಮಾಡಿದರು? ಇದರಲ್ಲಿ ಯಾರು ಕಾಣುತ್ತಿಲ್ಲ? ಗದ್ದೆಯಲ್ಲಿ ದುಡಿದವರು ಎಲ್ಲಿ ಎಂದು ಯಾರಾದರೂ ಕೇಳಿದರೆ ಪಾಠ ಸಾರ್ಥಕವಾಯಿತು. ಪ್ರಶ್ನೆಗಳನ್ನು ಐದಾರು ಮಾಡಿದರೆ ಎಲ್ಲರೂ ತಲೆಬಗ್ಗಿಸಿ ಹಾಳೆ ತುಂಬಿಸುತ್ತಾರೆ, ವಸ್ತುವನ್ನು ನೋಡುವುದಿಲ್ಲ.

ಐನ್‌ಮನೆಗೆ ಹೋಗುವವರಿಗೆ

ಜಮ್ಮಾ (ವಂಶಪಾರಂಪರ್ಯ ಹಿಡುವಳಿ) ಭೂಮಿಯ ಸನ್ನದು, ತಾಮ್ರಪಟ, ಹಳೆಯ ಲೆಕ್ಕದ ಪುಸ್ತಕಗಳು ಮನೆತನದ ಆಸ್ತಿ. ಕೊರವುಕಾರ (ಮನೆತನದ ಮುಖ್ಯಸ್ಥ) ಅಥವಾ ಮನೆಯ ಹಿರಿಯರ ಒಪ್ಪಿಗೆ ಮೊದಲೇ ಬೇಕು. ಕಾಲೇಜಿನ ಪತ್ರದಲ್ಲಿ ಏನನ್ನು ನೋಡುತ್ತೇವೆ, ಚಿತ್ರ ಎಲ್ಲಿ ಇಡುತ್ತೇವೆ, ಯಾವುದನ್ನು ಪ್ರಕಟಿಸುವುದಿಲ್ಲ ಎಂಬುದಿರಲಿ. ಜಮ್ಮಾ ಗದ್ದೆಗೆ ಹೊಂದಿದ ಕಾಡುಭೂಮಿಯಾದ ಬಾಣೆಯ ಹಕ್ಕು ಇಂದಿಗೂ ವ್ಯಾಜ್ಯದ ವಿಷಯ, ಆದ್ದರಿಂದ ಭೂಮಿಯ ಕಾಗದದ ಚಿತ್ರ ಹಂಚಿಕೊಳ್ಳುವುದು ಯಾರಿಗಾದರೂ ತೊಂದರೆ ತರಬಹುದು. ಮೂಲವನ್ನು ಗ್ರಂಥಾಲಯಕ್ಕೆ ತರಿಸಬೇಡಿ. ಸ್ಕ್ಯಾನರ್ ಹಿಡಿದು ನೀವೇ ಹೋಗಿ, ಒಂದು ಪ್ರತಿ ಮನೆಯವರಿಗೆ ಪೆನ್ ಡ್ರೈವಿನಲ್ಲಿ ಕೊಟ್ಟು ಬನ್ನಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಮನೆಯವರಿಗೆ ಪುರುಸೊತ್ತಿರುವುದಿಲ್ಲ. ಏಪ್ರಿಲ್, ಮೇ ಒಳ್ಳೆಯದು.

ಸಂದರ್ಶನವಿದ್ದರೆ ಅದು ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ, ಯಾವುದರಲ್ಲಿ ನಡೆಯುತ್ತದೋ ಅದೇ ಮಾತನ್ನು ಕನ್ನಡ ಲಿಪಿಯಲ್ಲಿ ಮೊದಲು ಬರೆಸಿ, ಅನುವಾದ ಆಮೇಲೆ. ಮಡಿಕೇರಿಯ ಕೊಡವ ಮತ್ತು ಅರೆಭಾಷೆ ಸಾಹಿತ್ಯ ಅಕಾಡೆಮಿಗಳಲ್ಲಿ ಭಾಷೆ ಬಲ್ಲವರ ಸಲಹೆ ಕೇಳಬಹುದು.

ಹಕ್ಕುಸ್ವಾಮ್ಯ, ಮತ್ತೆ ಮರಳಿ ಬರಬೇಕಾದದ್ದು

ಭಾರತದಲ್ಲಿ ಲೇಖಕರ ಮರಣದ ನಂತರದ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಚಿಣ್ಣಪ್ಪ ಅವರು 1931ರಲ್ಲಿ ತೀರಿಕೊಂಡದ್ದರಿಂದ ಪಟ್ಟೋಲೆ ಪಳಮೆಯ ಮೂಲ ಪಠ್ಯಕ್ಕೆ ಈಗ ತಡೆಯಿಲ್ಲ, ಆದರೆ 2003ರ ಇಂಗ್ಲಿಷ್ ಅನುವಾದಕ್ಕೆ ಇದೆ. ಸಂದೇಹವಿದ್ದರೆ ಅಧ್ಯಯನಕ್ಕೆ ಪ್ರತಿ ಕೊಡಿ, ಪ್ರಕಟಣೆಗೆ ಅನುಮತಿ ಪತ್ರ ಕೇಳಿ.

ಪ್ರಬಂಧ ಮುಗಿದ ಮೇಲೆ ವಿದ್ಯಾರ್ಥಿಯಿಂದ ಮೂರು ವಸ್ತು ಕೇಳಿ ಪಡೆಯಿರಿ: ಪ್ರಬಂಧದ ಒಂದು ಪಿಡಿಎಫ್, ನೋಡಿದ ಎಲ್ಲ ಕಡತಗಳ ಸಂಖ್ಯೆಯ ಪಟ್ಟಿ, ನಿಮ್ಮ ಸೂಚಿಯಲ್ಲಿ ಕಂಡ ತಪ್ಪುಗಳು. ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಹುಡುಕಿಯೂ ಸಿಗದ ಕಡತಗಳನ್ನೂ ಅದೇ ಪಟ್ಟಿಯಲ್ಲಿ, ಹುಡುಕಿದ ದಿನಾಂಕ ಮತ್ತು ಬಳಸಿದ ಪದಗಳ ಸಮೇತ ಬರೆಸಿ. ಅದೇ ವಿಷಯಕ್ಕೆ ಮುಂದಿನ ವರ್ಷ ಬರುವವರಿಗೆ ಕೊಡಲು ಆ ಹಾಳೆಯನ್ನು ಹೆಸರುಗಳ ಪಟ್ಟಿಯ ಜೊತೆಗೇ ಇಡಿ.